ಹತ್ತು ವಾರ, ಒಂಬತ್ತು ಕಿಲೋ

ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅವಳನ್ನು ಎಲ್ಲರೂ ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಆರುನೂರು ಜನಕ್ಕೆ ಎರಡು ಹೊತ್ತಿನ ಅಡುಗೆ ಮಾಡಿಸುವ ಯಜಮಾನಿ ಎಂಬ ಗೌರವ ಆ ಹೆಸರಿನಲ್ಲಿತ್ತು. ಮೈಕಟ್ಟಿನ ಬಗ್ಗೆ ಒಂದು ಸಣ್ಣ ತಮಾಷೆಯೂ ಇತ್ತು. ಎರಡೂ ಅವಳಿಗೆ ಗೊತ್ತು. "ಅಡುಗೆಯವಳು ಕಡ್ಡಿ ಹಾಗಿದ್ರೆ ಆ ಊಟಾನ ಯಾರು ನಂಬ್ತಾರೆ?" ಎಂದು ಅವಳೇ ಮೊದಲು ನಗುತ್ತಿದ್ದಳು. ಎತ್ತರ ಐದಡಿ ಎರಡಂಗುಲ, ವಯಸ್ಸು ನಲವತ್ತನಾಲ್ಕು, ತೂಕ ಎಂಬತ್ತನಾಲ್ಕು ಕಿಲೋ. ಅದೊಂದು ಕಷ್ಟ ಎಂದು ಅವಳಿಗೆ ಯಾವತ್ತೂ ಅನ್ನಿಸಿರಲಿಲ್ಲ, ತಮ್ಮನ ಲಿವರ್ ಕೈಕೊಡುವವರೆಗೆ.

ತಮ್ಮ ಗಡಿಯಾರ ರಿಪೇರಿ ಮಾಡುವವನು. ಅಮ್ಮ ತೀರಿಕೊಂಡಾಗ ಅವನಿಗೆ ಎಂಟು, ಇವಳಿಗೆ ಹದಿನೈದು. ಇವಳು ಸೌಟು ಹಿಡಿದದ್ದೇ ಅವನ ಹೊಟ್ಟೆ ತುಂಬಿಸಲು. ಒಂದು ಹನಿ ಕುಡಿದವನಲ್ಲ ಅವನು, ಆದರೂ ಲಿವರ್ ಎಂದ ಕೂಡಲೇ ಜನ "ಕುಡೀತಾ ಇದ್ನಾ?" ಎಂದು ಕೇಳುವುದು, ಅವನ ಹೆಂಡತಿ ಬಾಯಿ ನೋಯುವಷ್ಟು ಸಲ ಇಲ್ಲ ಎನ್ನುವುದು ನಡೆದೇ ಇತ್ತು. ಅವನ ಮೈಯೇ ಅವನ ಲಿವರನ್ನು ಶತ್ರು ಎಂದುಕೊಂಡು ತಿನ್ನುತ್ತಿರುವ ಕಾಯಿಲೆ ಅದು. ಕಣ್ಣು ಹಳದಿ, ಹೊಟ್ಟೆ ತುಂಬ ನೀರು, ಚಿಮಟ ಹಿಡಿದರೆ ಕೈ ನಡುಗುತ್ತದೆ. ಯಾರಾದರೂ ಹತ್ತಿರದವರು ಲಿವರಿನ ಅರ್ಧ ಭಾಗ ಕೊಟ್ಟರೆ ಬದುಕುತ್ತಾನೆ ಎಂದಾಯಿತು. ಹೆಂಡತಿಯ ರಕ್ತದ ಗುಂಪು ಹೊಂದಲಿಲ್ಲ. ಅಕ್ಕನದು ಹೊಂದಿತು.

ದೊಡ್ಡಕ್ಕ ಅವತ್ತೇ ಕೊಟ್ಟುಬಿಡುವವಳ ಹಾಗೆ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಡಾಕ್ಟರು ಸ್ಕ್ಯಾನಿನ ಹಾಳೆಯಿಂದ ತಲೆ ಎತ್ತಿದರು.

"ನಿಮ್ಮ ಲಿವರ್ ತುಂಬ ಕೊಬ್ಬಿದೆ. ಶೇಕಡಾ ಇಪ್ಪತ್ತೆರಡು. ಇದನ್ನ ಕತ್ತರಿಸಿದ್ರೆ ಅವರಿಗೂ ಕೆಲಸಕ್ಕೆ ಬರಲ್ಲ, ನಿಮಗೂ ಅಪಾಯ."

"ಹಾಗಾದ್ರೆ?"

"ಹತ್ತರ ಒಳಗೆ ಬರಬೇಕು. ಅಂದ್ರೆ ತೂಕ ಎಪ್ಪತ್ತೈದಕ್ಕೆ ಇಳೀಬೇಕು. ಇದಕ್ಕೆ ಮಾತ್ರೆ ಇಲ್ಲಮ್ಮ. ಊಟ, ನಡಿಗೆ, ಅಷ್ಟೆ."

"ಎಷ್ಟು ದಿನ ಇದೆ ಸಾರ್?"

ಡಾಕ್ಟರು ತಮ್ಮನ ಫೈಲನ್ನು ಮತ್ತೊಮ್ಮೆ ತಿರುವಿದರು. "ಹತ್ತು ವಾರ ಅಂದ್ಕೊಳ್ಳಿ," ಎಂದರು. ಫೈಲು ಮುಚ್ಚಿ, "ಅಂದ್ಕೊಳ್ಳಿ ಅಂತ ಹೇಳ್ತಿದೀನಿ, ಅಷ್ಟೆ," ಎಂದರು.

ಪಕ್ಕದ ಕುರ್ಚಿಯಲ್ಲಿ ಅವಳ ಗಂಡ ಕೂತಿದ್ದ. ಟೈಲರ್. ಹೆಚ್ಚು ಮಾತಿನವನಲ್ಲ. ಆಸ್ಪತ್ರೆಯವರು ಕೊಟ್ಟ ನಾಲ್ಕು ಪುಟದ ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡ.

ಊಟದ ಪಟ್ಟಿ ಬರೆದುಕೊಡುವ ಹುಡುಗಿ ಕೆಳಗಿನ ಮಹಡಿಯಲ್ಲಿದ್ದಳು. ದಿನಕ್ಕೆ ಏನೇನು ತಿನ್ನುತ್ತೀರಿ ಎಂದು ಕೇಳಿದಳು. ದೊಡ್ಡಕ್ಕ ಬೆಳಗ್ಗೆ ಟೀ, ಮಧ್ಯಾಹ್ನ ಅನ್ನ, ರಾತ್ರಿ ಎರಡು ರೊಟ್ಟಿ ಎಂದಳು. "ನಾನು ತಿನ್ನೋದೇ ಕಮ್ಮಿ. ಗಾಳಿ ಕುಡಿದ್ರೂ ದಪ್ಪ ಆಗೋ ಮೈ ನಂದು."

"ಅಡುಗೆ ಮಾಡುವಾಗ ರುಚಿ ನೋಡ್ತೀರಾ?"

"ನೋಡ್ದೆ ಹೇಗಮ್ಮಾ?"

"ನಾಳೆ ಒಂದಿನ ಎಣಿಸಿ ನೋಡಿ."

ಮರುದಿನ ದೊಡ್ಡಕ್ಕ ಒಲೆಯ ಪಕ್ಕ ಒಂದು ಲೋಟ ಇಟ್ಟುಕೊಂಡಳು. ಬಾಯಿಗೆ ಒಂದು ಚಮಚ ಹೋದಾಗಲೆಲ್ಲ ಅದರೊಳಗೆ ಒಂದು ಬಟಾಣಿ ಹಾಕಿದಳು. ಸಾರಿಗೆ ಉಪ್ಪು ಸರಿಯಿದೆಯಾ, ಪಲ್ಯ ಬೆಂದಿದೆಯಾ, ಕರಿದದ್ದು ಗರಿಗರಿಯಾಗಿದೆಯಾ, ಪಾಯಸಕ್ಕೆ ಸಕ್ಕರೆ ಸಾಕಾ. ಎರಡು ಗಂಟೆಗೆ ಎಣಿಸಿದರೆ ಅರವತ್ತಮೂರು ಬಟಾಣಿ. ಅವಳ ಮುಖ ಇಷ್ಟು ಸಣ್ಣದಾಯಿತು. ಇಪ್ಪತ್ತು ವರ್ಷದಿಂದ ಅವಳು ದಿನಾ ಎರಡು ಊಟ ಹೆಚ್ಚಿಗೆ ಮಾಡುತ್ತಿದ್ದಳು, ಒಂದನ್ನೂ ಊಟವೆಂದು ಲೆಕ್ಕ ಹಿಡಿದಿರಲಿಲ್ಲ.

ರುಚಿ ನೋಡುವ ಕೆಲಸ ಸಹಾಯಕಿಗೆ ಹೋಯಿತು. ದಪ್ಪ ಗಾಜಿನ ಕನ್ನಡಕ ಹಾಕುತ್ತಿದ್ದ ಅವಳನ್ನು ಅಡುಗೆಮನೆಯಲ್ಲಿ ಎಲ್ಲರೂ ಕನ್ನಡಕ ಎಂದೇ ಕರೆಯುತ್ತಿದ್ದರು. ಮೊದಲ ದಿನವೇ ಸಾರು ಉಪ್ಪಾಯಿತು. ಕೌಂಟರಿನ ಆಚೆಯಿಂದ ಒಬ್ಬ ಫಿಟ್ಟರ್ ಕೂಗಿದ: "ದೊಡ್ಡಕ್ಕಾ, ಸಮುದ್ರದಲ್ಲಿ ಉಪ್ಪು ಏನಾದ್ರೂ ಉಳಿಸಿದ್ದೀಯಾ?" ಜನ ನಕ್ಕರು. ದೊಡ್ಡಕ್ಕ ಹಲ್ಲು ಕಚ್ಚಿಕೊಂಡು ಬಡಿಸುತ್ತಲೇ ಇದ್ದಳು. ಯಾಕೆ ಹೀಗೆ ಎಂದು ಕೆಲಸದ ಜಾಗದಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಿ, ಆಮೇಲೆ ಆಗದಿದ್ದರೆ? ತಮ್ಮ ಹೋಗಿಬಿಟ್ಟರೆ, ತನ್ನ ಬಾಯಿಚಪಲಕ್ಕೆ ಹೋದ ಎಂದು ಆರುನೂರು ಜನ ಅಂದುಕೊಳ್ಳುವುದಿಲ್ಲವೇ?

ಬೆಳಗ್ಗೆ ಐದಕ್ಕೆ ಎದ್ದು ನಡೆಯಲು ಶುರುಮಾಡಿದಳು. ಮನೆಯಿರುವುದು ನಾಲ್ಕನೆಯ ಮಹಡಿ, ಎಪ್ಪತ್ತೆರಡು ಮೆಟ್ಟಿಲು, ಲಿಫ್ಟಿಲ್ಲ. ಇಳಿದರೆ ಎದುರಿಗೇ ಬಸ್ ಡಿಪೋ. ಅದರ ಗೋಡೆಯನ್ನು ಒಂದು ಸುತ್ತು ಹಾಕಿದರೆ ಸರಿಯಾಗಿ ಒಂದು ಕಿಲೋಮೀಟರು. ಮೊದಲ ದಿನ ಒಂದು ಸುತ್ತಿಗೇ ಎದೆ ಡವಡವ ಹೊಡೆದುಕೊಂಡು, ಮಂಡಿ ಹಿಡಿದು, ಅವಳು ಗೋಡೆಗೆ ಒರಗಿ ಕೂತುಬಿಟ್ಟಳು. ಡಿಪೋದ ಕಾವಲುಗಾರ ನೀರು ತಂದುಕೊಟ್ಟು, "ಯಾರಾದ್ರೂ ಅಟ್ಟಿಸ್ಕೊಂಡು ಬಂದ್ರಾ ಅಮ್ಮಾ?" ಎಂದು ಕೇಳಿದ. ಹತ್ತನೆಯ ದಿನಕ್ಕೆ ಮೂರು ಸುತ್ತು ಆಯಿತು. ಮೂರನೆಯ ವಾರಕ್ಕೆ ಐದು.

ತಟ್ಟೆಯಲ್ಲಿ ಅರ್ಧ ಭಾಗ ತರಕಾರಿ, ಒಂದು ಸಣ್ಣ ಬಟ್ಟಲು ಅನ್ನ, ಬೇಳೆ ಅಥವಾ ಮೊಟ್ಟೆ. ಸಕ್ಕರೆಯಿಲ್ಲ, ಕರಿದದ್ದಿಲ್ಲ. ಸಂಜೆ ಐದಾದರೆ ಹೊಟ್ಟೆ ತಾಳ ಹಾಕುತ್ತಿತ್ತು. ಅದೇ ಹೊತ್ತಿಗೆ ಗಂಡ ಬೇಕರಿಯ ಪೊಟ್ಟಣ ಹಿಡಿದು ಬರುತ್ತಿದ್ದ. ಹದಿನೆಂಟು ವರ್ಷದ ಸಂಸಾರದಲ್ಲಿ ಕೇಳದೆ ಏನನ್ನೂ ತಂದವನಲ್ಲ. ಈಗ ದಿನಾ ಬೆಣ್ಣೆ ಬಿಸ್ಕತ್ತು, ಕೆನೆ ತುಂಬಿದ ಬನ್ನು.

"ರೀ, ಇದೇನಿದು?"

"ಒಂದು ತಿಂದ್ರೆ ಏನೂ ಆಗಲ್ಲ. ಮುಖ ನೋಡು ಹೇಗೆ ಬಾಡಿಹೋಗಿದೆ."

ಅವಳು ಪೊಟ್ಟಣವನ್ನು ಹಾಗೇ ಎತ್ತಿಕೊಂಡು ಹೋಗಿ ಕಾವಲುಗಾರನಿಗೆ ಕೊಟ್ಟು ಬರುತ್ತಿದ್ದಳು. ಎರಡು ಸಲ ಮಾತ್ರ ಮೆಟ್ಟಿಲಿನ ಮೇಲೆ ನಿಂತು ಅರ್ಧ ಬನ್ನು ತಿಂದು, ಆಮೇಲೆ ಅದಕ್ಕಾಗಿ ಆ ಎಪ್ಪತ್ತೆರಡು ಮೆಟ್ಟಿಲನ್ನು ಇನ್ನೆರಡು ಸಲ ಹತ್ತಿಳಿದಳು.

ಮನೆಯಲ್ಲಿ ತೂಕದ ಯಂತ್ರ ಇರಲಿಲ್ಲ. ಕ್ಯಾಂಟೀನಿನ ಉಗ್ರಾಣದಲ್ಲಿ ಅಕ್ಕಿ ಮೂಟೆ ತೂಗುವ ದೊಡ್ಡ ತಕ್ಕಡಿಯಿತ್ತು, ಆದರೆ ಅದರ ಮೇಲೆ ನಿಂತರೆ ಸಂಜೆಯೊಳಗೆ ಇಡೀ ಕಾರ್ಖಾನೆಗೆ ಸುದ್ದಿ. ಆಸ್ಪತ್ರೆಯಲ್ಲಿ ಮುಂದಿನ ತಪಾಸಣೆ ಐದನೆಯ ವಾರಕ್ಕೆ. ಅದಕ್ಕೇ ಗಂಡನಿಗೆ ಹೇಳಿದಳು, "ಭಾನುವಾರ ಭಾನುವಾರ ಸೊಂಟ ಅಳೀರಿ. ನಿಮ್ಮ ಟೇಪಿಗಿಂತ ತಕ್ಕಡಿ ಬೇಕಾ ನನಗೆ?"

ಮೊದಲ ಭಾನುವಾರ ಕಿಟಕಿಯ ಬೆಳಕಿನಲ್ಲಿ ಟೇಪು ಸುತ್ತಿ ಅವನು ಹೇಳಿದ: "ನಲವತ್ತೊಂದು."

ಎರಡನೆಯ ಭಾನುವಾರ: "ನಲವತ್ತೊಂದು."

ಮೂರನೆಯ ಭಾನುವಾರ ಅವನು ಟೇಪಿನ ಮೇಲೆ ತುಂಬ ಹೊತ್ತು ಬೆರಳಿಟ್ಟುಕೊಂಡಿದ್ದ. "ಕಾಲಿಂಚು ಕಮ್ಮಿಯಿರಬಹುದು. ಇಲ್ಲ, ಅಷ್ಟೇ ಇದೆ."

ಅವಳಿಗೆ ಅಳು ಬಂತು. ಅಂಗಿಯೂ ಅದನ್ನೇ ಹೇಳುತ್ತಿತ್ತು. ಗಂಡನೇ ಹೊಲಿದುಕೊಟ್ಟಿದ್ದ ಕ್ಯಾಂಟೀನಿನ ಬಿಳಿ ಅಂಗಿ ಮೊದಲಿನ ಹಾಗೆಯೇ ಮೈಗೆ ಕಚ್ಚಿಕೊಂಡು ಕೂತಿತ್ತು, ಎಳ್ಳಷ್ಟೂ ಸಡಿಲವಾಗಿರಲಿಲ್ಲ.

ನಾಲ್ಕನೆಯ ವಾರದ ಮಂಗಳವಾರ ಬೆಳಗ್ಗೆ ತಮ್ಮನ ಹೆಂಡತಿಯ ಫೋನು ಬಂತು. ಅಳುತ್ತಿರಲಿಲ್ಲ, ಅದೇ ದೊಡ್ಡಕ್ಕನಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

"ಅಕ್ಕಾ, ಅವರಿಗೆ ಟೈಮ್ ಹೇಳೋಕಾಗ್ತಿಲ್ಲ."

"ಏನು?"

"ಅಂಗಡೀಲಿ ಗೋಡೆ ತುಂಬ ಗಡಿಯಾರ. ಎಲ್ಲಾ ನೋಡ್ತಾರೆ. ಮುಳ್ಳು ಎರಡಿರೋದು ಕಾಣ್ಸುತ್ತಂತೆ, ಗಂಟೆ ಎಷ್ಟು ಅಂತ ಗೊತ್ತಾಗ್ತಿಲ್ವಂತೆ. ನನ್ನನ್ನ ನೋಡಿ ನಗ್ತಾ ಇದಾರೆ ಅಕ್ಕಾ."

ಕೆಟ್ಟ ಲಿವರಿನ ವಿಷ ತಲೆಗೇರಿದರೆ ಹೀಗಾಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಔಷಧಿ ಕೊಟ್ಟ ಮೇಲೆ ಎರಡು ದಿನಕ್ಕೆ ತಮ್ಮ ಸರಿಹೋದ. ಆದರೆ ದೊಡ್ಡಕ್ಕ ಕ್ಯಾಲೆಂಡರಿನ ಮುಂದೆ ನಿಂತು ವಾರ ಎಣಿಸಿದಳು. ನಾಲ್ಕು ವಾರ ಆಗುತ್ತ ಬಂತು, ಒಂದು ಇಂಚೂ ಇಳಿದಿಲ್ಲ. ಅವಳು ಪಟ್ಟಿಯನ್ನು ಬದಿಗಿಟ್ಟಳು. ಬೆಳಗ್ಗೆ ಹಾಲು ಸಕ್ಕರೆ ಇಲ್ಲದ ಟೀ, ಮಧ್ಯಾಹ್ನ ಒಂದು ಸೌತೆಕಾಯಿ, ರಾತ್ರಿ ಏನೂ ಇಲ್ಲ. ನಡಿಗೆ ಐದರಿಂದ ಎಂಟು ಸುತ್ತಿಗೆ ಏರಿತು. ಗಂಡ ಕೇಳಿದರೆ ಕ್ಯಾಂಟೀನಿನಲ್ಲೇ ತಿಂದೆ ಎಂದಳು. ಕನ್ನಡಕ ಕೇಳಿದರೆ ಮನೆಯಲ್ಲಿ ತಿಂದು ಬಂದೆ ಎಂದಳು.

ಆರು ದಿನ ಹಾಗೆ ಕಳೆದಳು.

ಏಳನೆಯ ದಿನ ಹನ್ನೊಂದೂವರೆಗೆ ಬೇಳೆಯ ಕೊಪ್ಪರಿಗೆ ಕುದಿಯುತ್ತಿತ್ತು. ಸೊಂಟದೆತ್ತರದ ಕೊಪ್ಪರಿಗೆ, ಎಂಬತ್ತು ಲೀಟರಿನದು. ಉದ್ದ ಹಿಡಿಯ ಸೌಟಿನಿಂದ ತಳ ಹತ್ತದಂತೆ ತಿರುವುತ್ತಿದ್ದ ದೊಡ್ಡಕ್ಕನಿಗೆ ಮೊದಲು ಹಬೆ ಹೆಚ್ಚಾದಂತೆ ಕಂಡಿತು. ಆಮೇಲೆ ಹಬೆ ಕಪ್ಪಾಯಿತು. ಕಿವಿಯಲ್ಲಿ ಯಾರೋ ದೂರದಿಂದ ಪಾತ್ರೆ ಉಜ್ಜಿದ ಹಾಗೆ ಸದ್ದು. ಅವಳು ಹಿಡಿದುಕೊಳ್ಳಲು ಕೈ ಚಾಚಿದ್ದು ಕೊಪ್ಪರಿಗೆಯ ಅಂಚಿನ ಕಡೆಗೆ.

ಕನ್ನಡಕ ಮೂರು ಹೆಜ್ಜೆ ಆಚೆ ಸೊಪ್ಪು ಹೆಚ್ಚುತ್ತಿದ್ದಳು. ದೊಡ್ಡಕ್ಕನ ಬೆನ್ನು ಮುಂದಕ್ಕೆ ವಾಲಿದ್ದು ಕಂಡಿತು. ಚಾಕು ಎಸೆದು ಓಡಿಬಂದವಳು ಏಪ್ರನ್ನಿನ ಗಂಟಿಗೆ ಕೈಹಾಕಿ, ತನ್ನ ಇಡೀ ಭಾರ ಬಿಟ್ಟು ಹಿಂದಕ್ಕೆ ಎಳೆದಳು. ಇಬ್ಬರೂ ನೆಲಕ್ಕೆ ಬಿದ್ದರು. ಸೌಟು ಹಾರಿ ಗೋಡೆಗೆ ಬಡಿಯಿತು. ಕುದಿಯುವ ಬೇಳೆ ಚಿಮ್ಮಿ ದೊಡ್ಡಕ್ಕನ ಬಲ ಮುಂಗೈ ಮೇಲೆ ಬಿತ್ತು. ಆ ಉರಿಗೇ ಅವಳಿಗೆ ಎಚ್ಚರವಾದದ್ದು.

"ನೀರು! ನೀರು ಹಾಕ್ರೋ ಕೈಗೆ!" ಕನ್ನಡಕ ಕಿರುಚುತ್ತಿದ್ದಳು. ಆಮೇಲೆ ದೊಡ್ಡಕ್ಕನ ಮುಖದ ಮೇಲೆ ಬಾಗಿ, ದನಿ ತಗ್ಗಿಸಿ ಕೇಳಿದಳು, "ಎಷ್ಟು ದಿನ ಆಯ್ತು ಊಟ ಬಿಟ್ಟು? ನಿಜ ಹೇಳು."

ಅಲ್ಲಿ, ಒದ್ದೆ ನೆಲದ ಮೇಲೆ ಕೂತು, ದೊಡ್ಡಕ್ಕ ಎಲ್ಲವನ್ನೂ ಹೇಳಿಬಿಟ್ಟಳು.

ಕನ್ನಡಕ ಅವಳನ್ನು ಅಲ್ಲಿಂದಲೇ ಆಸ್ಪತ್ರೆಗೆ ಕರೆದೊಯ್ದಳು. ಸುಟ್ಟ ಗಾಯ ಮೇಲುಮೇಲಿನದು, ಆಪರೇಷನ್ನಿಗೆ ಅಡ್ಡಿಯಿಲ್ಲ ಎಂದರು ಡಾಕ್ಟರು. ಉಪವಾಸದ ವಿಷಯಕ್ಕೆ ಮಾತ್ರ ಅವರು ಕೆಂಡವಾದರು. "ಹೀಗೆ ಹೊಟ್ಟೆಗೆ ಹಾಕದೆ ಇದ್ರೆ ಮೈ ಸ್ನಾಯು ತಿನ್ನುತ್ತೆ, ಲಿವರಿಗೆ ಕೊಬ್ಬು ಇನ್ನೂ ತುಂಬುತ್ತೆ. ಯಾಕಿಷ್ಟು ಆತುರ? ಚೆನ್ನಾಗೇ ಇಳೀತಾ ಇದ್ರಲ್ಲ!"

"ಎಲ್ಲಿ ಸಾರ್ ಇಳಿದಿದ್ದು? ಒಂದು ಇಂಚೂ ಇಳಿದಿಲ್ಲ."

ಡಾಕ್ಟರು ಅವಳನ್ನು ವಿಚಿತ್ರವಾಗಿ ನೋಡಿ, ಬಂದ ಕೂಡಲೇ ನರ್ಸು ತೂಗಿ ಬರೆದಿಟ್ಟಿದ್ದ ಚೀಟಿಯನ್ನು ಮುಂದಿಟ್ಟರು. ಎಪ್ಪತ್ತೆಂಟೂವರೆ. ನರ್ಸು ಸೊಂಟಕ್ಕೆ ಟೇಪು ಸುತ್ತಿ ಮೂವತ್ತೆಂಟು ಎಂದಳು. ದೊಡ್ಡಕ್ಕ ಇನ್ನೊಂದು ಸಲ ಅಳೆಯಿರಿ ಎಂದಳು. ಎರಡನೆಯ ಸಲವೂ ಮೂವತ್ತೆಂಟು.

ಮನೆಗೆ ಬಂದು, ಬಾಗಿಲು ಹಾಕಿ, ಬಿಳಿ ಅಂಗಿಯನ್ನು ಕಳಚಿ ಒಳಮಗ್ಗುಲು ತಿರುಗಿಸಿದಳು. ಎರಡೂ ಪಕ್ಕೆಯಲ್ಲಿ ಹಳೆಯ ಹೊಲಿಗೆಯ ಒಳಗಡೆ ಹೊಸ ಹೊಲಿಗೆ. ಅದರ ಒಳಗಡೆ ಇನ್ನೊಂದು. ದಾರ ಮಾತ್ರ ಹೊಸ ಬಿಳುಪು. ಇಸ್ತ್ರಿ ಮಾಡಿಡುತ್ತೇನೆ ಎಂದು ವಾರವಾರವೂ ಅಂಗಿಗಳನ್ನು ತೆಗೆದುಕೊಂಡು ಹೋಗುತ್ತಿದ್ದವನು ಅವಳು ಇಳಿದಷ್ಟೂ ಬಟ್ಟೆಯನ್ನೂ ಇಳಿಸಿಬಿಟ್ಟಿದ್ದ.

ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಓಡುತ್ತಿತ್ತು. ಅವಳು ಅಂಗಿಯನ್ನು ಅದರ ಸೂಜಿಯ ಮುಂದೆಯೇ ಹಾಕಿದಳು. ಯಂತ್ರ ನಿಂತಿತು.

"ಇದೇನ್ರೀ?"

ಅವನು ಅಂಗಿಯನ್ನು ನೋಡಲಿಲ್ಲ, ಅವಳ ಕೈಯ ಮೇಲಿನ ಬ್ಯಾಂಡೇಜನ್ನು ನೋಡಿದ. "ಕೈಗೇನಾಯ್ತು?"

"ಕೇಳಿದ್ದಕ್ಕೆ ಉತ್ತರ ಹೇಳಿ! ನಿಮ್ಮ ಟೇಪು ನಂಬಿ ನಾನು ಅನ್ನ ಬಿಟ್ಟೆ. ಇವತ್ತು ಕುದಿಯೋ ಕೊಪ್ಪರಿಗೆಗೆ ಬೀಳ್ತಿದ್ದೆ. ಇನ್ನು ಎರಡು ಗೇಣು ಅಷ್ಟೆ."

ಅವನು ಎದ್ದು ನಿಂತ. ಜೇಬಿನಿಂದ ಆಸ್ಪತ್ರೆಯ ಆ ನಾಲ್ಕು ಪುಟದ ಕಾಗದ ತೆಗೆದ. ಮಡಿಕೆಗಳಲ್ಲಿ ಅದು ಹರಿದುಹೋಗುವಷ್ಟು ಸವೆದಿತ್ತು.

"ಮೂರನೇ ಪುಟದಲ್ಲಿ ಇದೆ. ಕೊಟ್ಟವರೂ ಅಪರೂಪಕ್ಕೆ ಸಾಯ್ತಾರೆ ಅಂತ. ಎಷ್ಟು ಸಲ ಓದಿದೀನಿ ಗೊತ್ತಾ? ಇಳೀತಿಲ್ಲ ಅಂತ ಬೇಜಾರಾಗಿ ನೀನೇ ಪಥ್ಯ ಬಿಡ್ತೀಯ, ತೂಕ ಇಳೀದಿದ್ರೆ ಅವರೇ ಬೇಡ ಅಂತಾರೆ, ನಾನು ಬೇಡ ಅನ್ನೋ ಹಾಗಿರಲ್ಲ ಅಂದ್ಕೊಂಡೆ."

"ಬಾಯಿಬಿಟ್ಟು ಹೇಳ್ಬಹುದಿತ್ತಲ್ಲ?"

"ಹೇಳಿದ್ರೆ ಕೇಳ್ತಿದ್ಯಾ?"

"ಇಲ್ಲ."

"ಮತ್ತೆ?"

"ಆದ್ರೂ ಹೇಳ್ಬೇಕಿತ್ತು," ಎಂದಳು. "ಜಗಳ ಆಡಿದ್ರೆ ಆಡ್ತಿದ್ವಿ. ನನ್ನ ಮೈ ಬಗ್ಗೆ ನನಗೇ ಸುಳ್ಳು ಹೇಳೋದಾ?"

ಅವನು ಕಾಗದವನ್ನು ಮತ್ತೆ ಮಡಚಿ ಜೇಬಿಗಿಟ್ಟುಕೊಂಡ. ಮೂರು ದಿನ ಆ ಮನೆಯಲ್ಲಿ ಪಾತ್ರೆಗಳ ಸದ್ದು ಬಿಟ್ಟರೆ ಮಾತಿಲ್ಲ. ದೊಡ್ಡಕ್ಕನ ಎದೆಯಲ್ಲಿ ಕೋಪದ ಜೊತೆಗೆ ಇನ್ನೊಂದು ಭಯ ಸೇರಿಕೊಂಡಿತ್ತು. ಆಸ್ಪತ್ರೆಯ ಒಪ್ಪಿಗೆ ಪತ್ರಕ್ಕೆ ಗಂಡನ ಸಹಿಯೂ ಬೇಕಿತ್ತು. ಅವನು ಹಾಕದಿದ್ದರೆ ಅವಳು ಎಪ್ಪತ್ತೈದಲ್ಲ, ಅರವತ್ತಕ್ಕೆ ಇಳಿದರೂ ಪ್ರಯೋಜನವಿಲ್ಲ.

ನಾಲ್ಕನೆಯ ದಿನ ಬೆಳಗ್ಗೆ ಡಿಪೋದ ಗೋಡೆಯ ಮೊದಲ ತಿರುವಿನಲ್ಲಿ ಹಿಂದಿನಿಂದ ಚಪ್ಪಲಿಯ ಸದ್ದು ಕೇಳಿತು. ತಿರುಗಿ ನೋಡಿದರೆ ಗಂಡ, ಇಪ್ಪತ್ತು ಹೆಜ್ಜೆ ಹಿಂದೆ, ಏದುಸಿರು ಬಿಡುತ್ತ ಬರುತ್ತಿದ್ದ. ಅವಳು ನಿಲ್ಲಲಿಲ್ಲ. ಅವನು ಕರೆಯಲೂ ಇಲ್ಲ. ಮರುದಿನವೂ ಬಂದ. ಮೂರನೆಯ ದಿನ ಅವಳು ಸ್ವಲ್ಪ ನಿಧಾನ ಮಾಡಿದಳು.

"ತಲೆ ಸುತ್ತಿದ್ರೆ ಹಿಡ್ಕೊಳ್ಳೋಕೆ ಬಂದೆ," ಎಂದ, ಪಕ್ಕಕ್ಕೆ ಬಂದು.

"ಮೊದಲು ನೀವು ಬೀಳದೆ ಇರಿ," ಎಂದಳು. ಸಹಿಯ ವಿಷಯ ಇಬ್ಬರೂ ಎತ್ತಲಿಲ್ಲ.

ಅಡುಗೆಮನೆಯಲ್ಲಿ ಗುಟ್ಟು ರಟ್ಟಾಗಿತ್ತು. ಕನ್ನಡಕ ಪೊಲೀಸಿನವಳಾಗಿಬಿಟ್ಟಳು. ಹನ್ನೆರಡಕ್ಕೆ ಸರಿಯಾಗಿ ಒಂದು ತಟ್ಟೆಯಲ್ಲಿ ಪಟ್ಟಿಯಲ್ಲಿದ್ದಷ್ಟೇ ಹಾಕಿ, ಎದುರಿಗೆ ಕೂತು, ಖಾಲಿಯಾಗುವವರೆಗೆ ಏಳುತ್ತಿರಲಿಲ್ಲ. ಪ್ರತಿ ಸೋಮವಾರ ಉಗ್ರಾಣದ ತಕ್ಕಡಿಯ ಮೇಲೆ ದೊಡ್ಡಕ್ಕ ಎಲ್ಲರ ಮುಂದೆ ನಿಲ್ಲುತ್ತಿದ್ದಳು. ಎಪ್ಪತ್ತೆಂಟು. ಎಪ್ಪತ್ತೇಳು ಕಾಲು. ಉಪ್ಪಿನ ತಮಾಷೆ ಮಾಡಿದ್ದ ಫಿಟ್ಟರ್ ಆರನೆಯ ವಾರ ಕೌಂಟರಿಗೆ ಬಂದು, ತಲೆ ಕೆರೆದುಕೊಂಡು, "ಸಾರು ಈಗ ಸರಿಯಾಗಿದೆ ದೊಡ್ಡಕ್ಕಾ," ಎಂದಷ್ಟೇ ಹೇಳಿ ಹೋದ. ಏಳನೆಯ ವಾರ ಮುಳ್ಳು ಎಪ್ಪತ್ತಾರೂವರೆಯಲ್ಲಿ ನಿಂತು ಅಲ್ಲಾಡಲೇ ಇಲ್ಲ. ಮತ್ತೆ ಊಟ ಬಿಡುವ ಆಸೆ ಅವಳನ್ನು ದಿನವಿಡೀ ಕಾಡಿತು. ಬಿಡಲಿಲ್ಲ. ಬದಲಿಗೆ ಮೆಟ್ಟಿಲು ಹತ್ತುವುದನ್ನು ಹೆಚ್ಚಿಸಿದಳು, ಸಂಜೆ ನಾಲ್ಕು ಸಲ, ರೇಲಿಂಗ್ ಹಿಡಿಯದೆ.

ಎಂಟನೆಯ ವಾರದ ಶನಿವಾರ ತಮ್ಮ ರಕ್ತ ಕಾರಿಕೊಂಡ.

ಇನ್ನು ಎರಡು ವಾರ ಕಾಯುವ ಮಾತೇ ಇರಲಿಲ್ಲ. ಸೋಮವಾರ ಬೆಳಗ್ಗೆ ದೊಡ್ಡಕ್ಕನನ್ನು ಸ್ಕ್ಯಾನಿಗೆ ಮಲಗಿಸಿದರು. ತೂಕ ಎಪ್ಪತ್ತೈದು ಮುಕ್ಕಾಲು. ಮುಕ್ಕಾಲು ಕಿಲೋ ಇನ್ನೂ ಉಳಿದಿತ್ತು. ಉಸಿರು ಹಿಡಿಯಿರಿ, ಬಿಡಿ ಎಂದು ಯಂತ್ರ ಹೇಳುತ್ತಿದ್ದರೆ ಅವಳಿಗೆ ಹಿಡಿದ ಉಸಿರನ್ನು ಬಿಡಲು ಧೈರ್ಯವಾಗಲಿಲ್ಲ. ಆಮೇಲೆ ಕಾರಿಡಾರಿನ ಬೆಂಚಿನಲ್ಲಿ ಮೂವರೂ ಕೂತರು: ಅವಳು, ಗಂಡ, ತಮ್ಮನ ಹೆಂಡತಿ. ಎರಡು ಗಂಟೆ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಮೆಟ್ಟಿಲಿನಲ್ಲಿ ತಿಂದ ಆ ಎರಡು ಅರ್ಧ ಬನ್ನುಗಳು ಅವಳ ಕಣ್ಣೆದುರು ಬಂದು ನಿಂತವು. ಹಾಗೆಯೇ ಉಪವಾಸದ ಆ ಆರು ದಿನಗಳೂ.

ಡಾಕ್ಟರು ಒಳಗೆ ಕರೆದರು. ಹಾಳೆಯನ್ನು ಮೇಜಿನ ಮೇಲಿಟ್ಟು ಅವಳ ಕಡೆಗೆ ತಿರುಗಿಸಿದರು.

"ಎಂಟೂವರೆ."

ಅವಳಿಗೆ ಅರ್ಥವಾಗಲಿಲ್ಲ. "ಎಂಟೂವರೆ ಕಿಲೋನಾ?"

"ಕೊಬ್ಬು, ಶೇಕಡಾ ಎಂಟೂವರೆ. ಗುರುವಾರ ಆಪರೇಷನ್ ಮಾಡೋಣ."

ತಮ್ಮನ ಹೆಂಡತಿ ಮುಖ ಮುಚ್ಚಿಕೊಂಡಳು. ಡಾಕ್ಟರು ಒಪ್ಪಿಗೆ ಪತ್ರವನ್ನು ಮುಂದಕ್ಕೆ ಸರಿಸಿದರು. ದೊಡ್ಡಕ್ಕ ಸಹಿ ಮಾಡಿ ಪೆನ್ನನ್ನು ಗಂಡನ ಮುಂದಿಟ್ಟಳು. ಅವನು ಪೆನ್ನು ಹಿಡಿದು ಕಾಗದವನ್ನು ನೋಡುತ್ತ ಕೂತ. ಗೋಡೆಯ ಫ್ಯಾನಿನ ಗಾಳಿಗೆ ಹಾಳೆಯ ಮೂಲೆ ಏಳುತ್ತಿತ್ತು, ಬೀಳುತ್ತಿತ್ತು.

"ಸಾರ್, ಇವಳ ಹೊಟ್ಟೆಗೆ ಹೊಲಿಗೆ ಹಾಕೋದು ಯಾರು?"

"ನಾನೇ."

"ಅವಸರ ಮಾಡದೆ ಹಾಕಿ ಸಾರ್. ನನ್ನ ಕೆಲಸಾನೂ ಅದೇ. ಕೊನೇ ಗಂಟು ಹಾಕುವಾಗ್ಲೇ ಎಲ್ಲರೂ ಅವಸರ ಮಾಡೋದು."

"ಮಾಡಲ್ಲ," ಎಂದರು ಡಾಕ್ಟರು, ನಗದೆ.

ಅವನು ಸಹಿ ಹಾಕಿದ.

ಗುರುವಾರ ಅವಳನ್ನು ಒಳಗೆ ಕರೆದೊಯ್ದದ್ದು ಬೆಳಗ್ಗೆ ಏಳಕ್ಕೆ. ಅವಳ ಲಿವರಿನ ಬಲಭಾಗ ತೆಗೆದು ಅವಳನ್ನು ಹೊರಗೆ ತಂದಾಗ ಸಂಜೆ ನಾಲ್ಕು. ತಮ್ಮನನ್ನು ಹೊರಗೆ ತರುವಾಗ ಇನ್ನೂ ನಾಲ್ಕು ಗಂಟೆ ಕಳೆದಿತ್ತು. ಕಣ್ಣು ಬಿಟ್ಟಾಗ ಅವಳಿಗೆ ಹೊಟ್ಟೆಯ ಮೇಲೆ ಯಾರೋ ಬಂಡೆ ಇಟ್ಟ ಹಾಗಿತ್ತು. ಗಂಡ ಅವಳ ಕಾಲಿನ ಹತ್ತಿರ ನಿಂತಿದ್ದ. ಹತ್ತಿರ ಬರಲು ಹೆದರಿಕೆ.

"ಅವನು?"

"ಇದ್ದಾನೆ."

ಎರಡನೆಯ ದಿನ ತಮ್ಮನಿಗೆ ಒಳಗೇ ರಕ್ತ ಸೋರಿತು. ಮತ್ತೆ ಹೊಟ್ಟೆ ತೆರೆದರು. ಹನ್ನೆರಡು ದಿನ ಅವನನ್ನು ಗಾಜಿನ ಆಚೆಯಿಂದಷ್ಟೇ ನೋಡಲು ಬಿಟ್ಟರು. ಎಂಟನೆಯ ದಿನ ದೊಡ್ಡಕ್ಕ ಹೊಟ್ಟೆ ಹಿಡಿದುಕೊಂಡು, ಗೋಡೆ ಸವರಿಕೊಂಡು, ಕಾರಿಡಾರಿನ ತುದಿಯ ಆ ಗಾಜಿನವರೆಗೆ ನಡೆದು ಹೋದಳು. ಇಷ್ಟು ಬೇಗ ಇಷ್ಟು ದೂರ ನಡೆದವರು ಕಡಿಮೆ ಎಂದಳು ನರ್ಸು. ಗಾಜಿನ ಆಚೆ ತಮ್ಮ ತಲೆ ತಿರುಗಿಸಿದ. ಅವನ ಕಣ್ಣಿನ ಬಿಳಿ ಬೆಳ್ಳಗಿತ್ತು. ಅದನ್ನು ನೋಡಿಯೇ ಅವಳು ಮೊದಲ ಸಲ ಗಟ್ಟಿಯಾಗಿ ಅತ್ತದ್ದು. ಹೊಲಿಗೆ ಎಳೆದು ನೋವಾಗಿ ಅಲ್ಲಿಗೇ ನಿಲ್ಲಿಸಿದಳು.

ಈಗ ಎರಡು ವರ್ಷವಾಯಿತು. ಅವಳ ಲಿವರು ಬೆಳೆದು ಮೊದಲಿನಷ್ಟಾಗಿದೆ. ತೂಕದಲ್ಲಿ ಎರಡು ಕಿಲೋ ವಾಪಸು ಬಂದಿದೆ, ಅದಕ್ಕೆ ಅವಳು ತಲೆ ಕೆಡಿಸಿಕೊಂಡಿಲ್ಲ. ಗಂಡ ಇನ್ನೂ ಅವಳ ಜೊತೆ ನಡೆಯುತ್ತಾನೆ, ಮಂಡಿನೋವು ಎಂದು ಗೊಣಗುತ್ತ. ಆ ಮೂರು ದಿನದ ಮಾತಿಲ್ಲದ ಮನೆಯ ಬಗ್ಗೆ ಅವರು ಮತ್ತೆ ಮಾತಾಡಿಲ್ಲ. ಆದರೆ ಈಗ ಅವನಿಗೆ ಏನಾದರೂ ಬೇಡವೆನ್ನಿಸಿದರೆ ಮುಖಕ್ಕೇ ಹೇಳುತ್ತಾನೆ, ಇಬ್ಬರೂ ಗಟ್ಟಿಯಾಗಿ ಜಗಳವಾಡುತ್ತಾರೆ.

ತಮ್ಮನಿಗೆ ಔಷಧಿಯಿಂದಲೋ, ಬಹುದಿನದ ಮೇಲೆ ಮರಳಿದ ಹಸಿವಿನಿಂದಲೋ ಮುಖ ಉಬ್ಬಿ, ಹೊಟ್ಟೆ ಮುಂದೆ ಬಂದಿದೆ. ಹೋದ ತಿಂಗಳು ಅಕ್ಕ ಹೇಳದೆ ಕೇಳದೆ ಅವನ ಅಂಗಡಿಗೆ ಹೋದಾಗ ಅವನು ಭೂತಗನ್ನಡಿಯನ್ನು ಹಣೆಗೇರಿಸಿಕೊಂಡು ಕೇಕು ತಿನ್ನುತ್ತಿದ್ದ. ಅವಳು ಅದನ್ನು ಕೈಯಿಂದ ಕಿತ್ತುಕೊಂಡಳು.

"ಏ, ಅಕ್ಕಾ! ಅದು ನಂದು!"

"ಅದು ಹೋಗೋ ಜಾಗ ನಂದು ಕಣೋ! ಎಷ್ಟು ಬೆವರು ಸುರಿಸಿ ಕೊಬ್ಬು ಕರಗಿಸಿ ಕೊಟ್ಟಿದೀನಿ, ನೀನು ಮತ್ತೆ ತುಂಬಿಸ್ತೀಯಾ? ಏಳು, ಬೂಟು ಹಾಕ್ಕೋ."

"ಗಿರಾಕಿ ಬರ್ತಾರೆ ಅಕ್ಕಾ."

"ಬರಲಿ, ಕಾಯಲಿ. ಏಳು."

ಅವನು ಗೊಣಗುತ್ತ ಬಗ್ಗಿ ಬೂಟಿನ ದಾರ ಕಟ್ಟಿಕೊಳ್ಳತೊಡಗಿದ.